ಸರೋಜಳ ಜಾಡಿಯಲ್ಲಿ ಹಚ್ಚಿದ ದೀಪ

ಮೊನ್ನೆ ಸಂಜೆ ಕರೆಂಟು ಹೋಯಿತು. ವಸಂತ್ ಕುಂಜ್‌ನಲ್ಲಿ ಈಗೀಗ ಅದು ಅಪರೂಪ. ಎಮರ್ಜೆನ್ಸಿ ಲೈಟು ಎಲ್ಲಿಟ್ಟಿದ್ದೇನೆಂಬುದೇ ಮರೆತುಹೋಗಿತ್ತು. ಮಗಳು ಮಾಯಾ ಆಫೀಸಿನಿಂದ ಇನ್ನೂ ಬಂದಿರಲಿಲ್ಲ. ಕುರ್ಚಿ ಹತ್ತುವ ವಯಸ್ಸು ನನ್ನದಲ್ಲ, ಆದರೂ ಹತ್ತಿ ಅಟ್ಟದ ಮೇಲಿಂದ ಆ ಗಾಜಿನ ಜಾಡಿಯನ್ನು ಇಳಿಸಿದೆ. ಕುತ್ತಿಗೆಗೆ ತಾಮ್ರದ ತಂತಿ, ಹೊಟ್ಟೆಯ ಮೇಲೆ ನೀಲಿ ಮತ್ತು ಕೇಸರಿ ಗ್ಲಾಸ್ ಪೇಂಟಿನ ಬಳ್ಳಿ, ತಳದಲ್ಲಿ ಎರಡು ಬೆರಳಿನಷ್ಟು ಕಲ್ಲುಪ್ಪು. ಉಪ್ಪಿನ ಮೇಲೆ ಒಂದು ಟೀ-ಲೈಟ್ ಮೇಣದಬತ್ತಿ ಕೂರಿಸಿ ಹಚ್ಚಿದೆ. ಸುಂದರವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಹಳೆಯ ಗಾಜಿನೊಳಗಿನ ಗಾಳಿಗುಳ್ಳೆಗಳು ಗೋಡೆಯ ತುಂಬ ಚುಕ್ಕಿ ಚೆಲ್ಲಿದವು.

ಹತ್ತು ನಿಮಿಷಕ್ಕೆ ಗಾಜು ಬಿಸಿಯಾಯಿತು. ವಾಸನೆ ಎದ್ದಿತು. ಇಂಗು, ಹುರಿದ ಮೆಂತ್ಯ, ಅದರಡಿಯಲ್ಲಿ ಔಷಧಿಯಂಥ ಹಳೆ ನಿಂಬೆ. ಆ ಜಾಡಿಯನ್ನು ನಾನು ಸೋಪು, ಸೋಡಾ, ವಿನಿಗರ್ ಎಲ್ಲದರಲ್ಲೂ ಅದ್ದಿ ತೊಳೆದಿದ್ದೆ, ಮೂರು ದಿನ ಬಿಸಿಲಿಗಿಟ್ಟಿದ್ದೆ. ಗಾಜಿಗೆ ವಾಸನೆ ಹಿಡಿಯುವುದಿಲ್ಲ ಎನ್ನುತ್ತಾರೆ. ಹಾಗೆನ್ನುವವರು ಯಾರೂ ಒಳಗೆ ದೀಪ ಹಚ್ಚಿ ನೋಡಿರಲಿಕ್ಕಿಲ್ಲ.

ಇದು ಎರಡು ವರ್ಷದ ಹಿಂದಿನ ಅಕ್ಟೋಬರಿನ ಕಥೆ. ಆಗ ನಾನು ಖಾಲಿ ಬಾಟಲಿಗಳ ರಾಣಿ.

ಸರೋಜ ಎದುರು ಬ್ಲಾಕಿನ ನೆಲಮಹಡಿಯಲ್ಲಿರುವವಳು. ಒಂದೇ ಬೆಡ್‌ರೂಮಿನ ಫ್ಲಾಟು. ನಮ್ಮದು ಎರಡನೆಯ ಮಹಡಿ, ಮೂರು ಬೆಡ್‌ರೂಮು. ನಮ್ಮ ಯಜಮಾನರು ಮಿನಿಸ್ಟ್ರಿಯಲ್ಲಿ ಡೆಪ್ಯುಟಿ ಸೆಕ್ರೆಟರಿಯಾಗಿದ್ದಾಗ ಅವಳ ಗಂಡ ನಂಜುಂಡಯ್ಯ ಅದೇ ಸೆಕ್ಷನ್ನಿನಲ್ಲಿ ಕ್ಲಾರ್ಕು. ಆ ವ್ಯತ್ಯಾಸ ರಿಟೈರ್ಮೆಂಟಿನೊಂದಿಗೆ ಮುಗಿಯುತ್ತದೆಂದು ಗಂಡಸರು ತಿಳಿದಿದ್ದರು. ಹೆಂಗಸರಾದ ನಮಗೆ ಗೊತ್ತಿತ್ತು, ಮುಗಿಯುವುದಿಲ್ಲ. ಅವಳು ನನ್ನನ್ನು ವತ್ಸಲಕ್ಕ, ನೀವು ಎನ್ನುತ್ತಿದ್ದಳು. ನಾನು ಅವಳನ್ನು ಸರೋಜ, ನೀನು ಎನ್ನುತ್ತಿದ್ದೆ. ನಾನು ಮೈಸೂರಿನ ಕಾನ್ವೆಂಟಿನವಳು. ಅವಳು ಹಾಸನದ ಕಡೆಯ ಕನ್ನಡ ಶಾಲೆಯಲ್ಲಿ ಹತ್ತನೇ ಕ್ಲಾಸಿನವರೆಗೆ ಓದಿದವಳು.

ಆದರೆ ಅವಳ ಕೈ! ಇಡೀ ದಕ್ಷಿಣ ದೆಹಲಿಯ ಕನ್ನಡಿಗರಿಗೆ ಗೊತ್ತಿದ್ದ ಕೈ ಅದು. ಮಾವಿನ ಮಿಡಿ, ಹುಣಿಸೆ ತೊಕ್ಕು, ಚಟ್ನಿಪುಡಿ, ಏನೇ ಹಾಕಿದರೂ ವರ್ಷಗಟ್ಟಲೆ ಕೆಡದು. ಮೂವತ್ತು ವರ್ಷ ಅವಳ ಮನೆಯಿಂದ ನಮ್ಮ ಮನೆಗೆ ಬಾಟಲಿಗಳು ಬಂದವು, ನಮ್ಮಿಂದ ಹೋದವು. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದಲ್ಲ, ನಾನು ತೊಳೆದು ಒಂದು ಮುಷ್ಟಿ ಸಕ್ಕರೆ ಹಾಕಿ ಕಳಿಸುತ್ತಿದ್ದೆ. ಅವಳು ಅದರಲ್ಲೇ ಮತ್ತೇನನ್ನೋ ತುಂಬಿ ಕಳಿಸುತ್ತಿದ್ದಳು. ಯಾವ ಬಾಟಲಿ ಯಾರದೆಂಬುದೇ ಕಲೆಸಿಹೋಗಿತ್ತು.

ಒಂದು ಜಾಡಿ ಮಾತ್ರ ಅವಳ ಮನೆ ಬಿಟ್ಟು ಕದಲುತ್ತಿರಲಿಲ್ಲ. ದಪ್ಪ, ಹಸಿರು ಛಾಯೆಯ ಗಾಜು, ಅಗಲ ಬಾಯಿ, ಅವಳ ಅಜ್ಜಿಯ ಕಾಲದ್ದು. ಅದರಲ್ಲಿದ್ದದ್ದು ನಂಜುಂಡಯ್ಯ ರಿಟೈರಾದ ವರ್ಷ ತಾವೇ ಕೂತು ಹೆಚ್ಚಿದ ನಿಂಬೆಕಾಯಿಯ ಉಪ್ಪಿನಕಾಯಿ. ಅದಾದ ಮೇಲೆ ಅವರ ಕೈ ನಡುಗತೊಡಗಿತು, ಚಾಕು ಹಿಡಿಯಲಾಗಲಿಲ್ಲ. ಕೆಲವು ವರ್ಷಕ್ಕೆ ಹೋಗಿಬಿಟ್ಟರು. ನಿಂಬೆಕಾಯಿ ಉಳಿಯಿತು. ಪ್ರತಿ ವರ್ಷ ಬಿಸಿಲುಂಡು ಕಪ್ಪಗಾಗುತ್ತ, ಕಡೆಗೆ ಟಾರಿನ ಹಾಗಾಯಿತು. ಅಜೀರ್ಣಕ್ಕೆ, ಬಾಯಿ ಕೆಟ್ಟವರಿಗೆ ಸರೋಜ ಅದರಿಂದ ಒಂದೊಂದೇ ಹೋಳು ತೆಗೆದುಕೊಡುತ್ತಿದ್ದಳು, ದೇವರ ಪ್ರಸಾದದ ಹಾಗೆ.

ನಮ್ಮ ಯಜಮಾನರು ಹಾಸಿಗೆ ಹಿಡಿದ ಕಡೆಯ ತಿಂಗಳು ನಾನು ಮಾಡಿದ ಗಂಜಿಗೆ ಮುಖ ತಿರುಗಿಸುತ್ತಿದ್ದರು. ಪಕ್ಕದಲ್ಲಿ ಸರೋಜಳ ಕಪ್ಪು ನಿಂಬೆಕಾಯಿಯ ಹೋಳು ಇದ್ದರೆ ನಾಲ್ಕು ಚಮಚ ಇಳಿಯುತ್ತಿತ್ತು. ಒಂದು ದಿನ ಕಣ್ಣು ಮುಚ್ಚಿಕೊಂಡೇ ಹೇಳಿದರು: "ನಿನ್ನ ಕೈಯಲ್ಲಿ ಅದೇನೋ ಇಲ್ಲ ವತ್ಸಲಾ. ಆ ಸರೋಜಮ್ಮನ ಕೈಯಲ್ಲಿದೆ."

ನಲವತ್ತೊಂದು ವರ್ಷ ಬೇಯಿಸಿ ಹಾಕಿದವಳಿಗೆ ಸಿಕ್ಕ ಫೈನಲ್ ಸರ್ಟಿಫಿಕೇಟ್ ಅದು. ಸರೋಜ ಆಗ ಅಲ್ಲೇ ನಿಂತಿದ್ದಳು. ತಲೆ ತಗ್ಗಿಸಿದಳು. ಆದರೆ ನಕ್ಕಳು, ಸ್ವಲ್ಪ. ಅಥವಾ ನಗಲಿಲ್ಲವೋ. ನಾನಂತೂ ನಕ್ಕಳೆಂದೇ ಇಟ್ಟುಕೊಂಡೆ.

ಬಾಟಲಿ ದೀಪದ ಹುಚ್ಚು ನನಗೆ ಹತ್ತಿದ್ದು ಮೊಬೈಲಿನ ಒಂದು ವಿಡಿಯೋದಿಂದ. ಕಾನ್ವೆಂಟಿನಲ್ಲಿ ಸಿಸ್ಟರ್ ಆಗ್ನೆಸ್ ಕ್ರಾಫ್ಟ್ ಪೀರಿಯಡ್‌ನಲ್ಲಿ ನನ್ನ ಕೆಲಸವನ್ನು ಎತ್ತಿ ತೋರಿಸುತ್ತಿದ್ದರು, ಆ ಬೆರಳುಗಳು ಇನ್ನೂ ಸತ್ತಿರಲಿಲ್ಲ. ಜಾಮ್ ಬಾಟಲಿ, ಕಾಫಿಪುಡಿ ಬಾಟಲಿ, ಜೇನಿನದು, ಸಾಸಿನದು. ಬಿಸಿನೀರಿಗೆ ಸೋಡಾ ಹಾಕಿ ನೆನೆಸಿದರೆ ಲೇಬಲ್ ಬಿಡುತ್ತದೆ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ. ಒಣಗಿದ ಮೇಲೆ ಪೇಂಟು, ಹಳೆ ಸೀರೆಯ ಅಂಚಿನ ಲೇಸು, ಕುತ್ತಿಗೆಗೆ ತಂತಿಯ ಹಿಡಿ. ತಳದಲ್ಲಿ ಕಲ್ಲುಪ್ಪು ಹಾಕಲೇಬೇಕು, ಇಲ್ಲದಿದ್ದರೆ ಮೇಣದ ಬಿಸಿಗೆ ಗಾಜು ಸೀಳುತ್ತದೆ. ಫೋಟೋ ತೆಗೆದು ನಮ್ಮ ಕನ್ನಡ ಮಹಿಳೆಯರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. "ವಾವ್ ವತ್ಸಲಾ ಆಂಟಿ!" "ಸೋ ಎಲಿಗೆಂಟ್!" ದೀಪಾವಳಿ ಗೆಟ್-ಟುಗೆದರ್‌ಗೆ ನಲವತ್ತು ದೀಪ ಮಾಡಿಕೊಡಬೇಕೆಂದು ತೀರ್ಮಾನವಾಯಿತು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನನ್ನ ಕೈಗೂ ಹೆಸರು ಬಂತು.

ಸರೋಜ ದಿನಾ ಮಧ್ಯಾಹ್ನ ಸಹಾಯಕ್ಕೆ ಬಂದಳು. ಅವಳಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಬಣ್ಣ ಹಚ್ಚಲಾಗುತ್ತಿರಲಿಲ್ಲ. ಅದು ನನಗೆ ಅನುಕೂಲವೇ ಆಯಿತು. "ನೀನು ತೊಳೆದುಕೊಡು ಸಾಕು" ಎಂದೆ. ಸಿಂಕಿನ ಮುಂದೆ ನಿಂತು ತೊಳೆಯುತ್ತ ಅವಳು ತಮಾಷೆ ಮಾಡುತ್ತಿದ್ದಳು.

"ಅಲ್ಲಾ ವತ್ಸಲಕ್ಕ, ನಾವು ಜಾಡಿ ಖಾಲಿ ಆಯ್ತು ಅಂದ್ರೆ ಅಳೋ ಜನ. ನೀವು ಯಾವಾಗ ಖಾಲಿ ಆಗುತ್ತೋ ಅಂತ ಕಾಯ್ತೀರಲ್ಲ!"

"ನಿನಗೆ ಈಸ್ಥೆಟಿಕ್ಸ್ ಗೊತ್ತಾಗಲ್ಲ ಸರೋಜ."

"ಅದೇನು ರೋಗಾನೋ, ನನಗಂತೂ ಬಂದಿಲ್ಲಪ್ಪ."

ಒಂದು ಮಧ್ಯಾಹ್ನ ಗ್ರೂಪಿನ ಮೂವರು ನೋಡಲು ಬಂದರು. ನನ್ನ ಬಣ್ಣವನ್ನೆಲ್ಲ ದಾಟಿ ಒಬ್ಬಾಕೆ ತಂತಿಯ ಹಿಡಿಯನ್ನು ಎತ್ತಿ ನೋಡಿದಳು. ಅದನ್ನು ಸರೋಜ ಕಣ್ಣು ಕಾಣದೆ, ಬೆರಳಿನ ಅಂದಾಜಿನಲ್ಲೇ ಜಡೆ ಹೆಣೆದ ಹಾಗೆ ಹೆಣೆದಿದ್ದಳು. "ಇದು ಸರೋಜಮ್ಮನದು ತಾನೆ? ನೋಡಿ, ಕೈಗುಣ ಅಂದ್ರೆ ಇದು!"

ಅವರು ಹೋದ ಮೇಲೆ ನನಗೆ ಹೊಟ್ಟೆ ತೊಳಸತೊಡಗಿತು. ಹೊರಗೆ ಹೊಗೆಮಂಜು, ಒಳಗೆ ಪೇಂಟಿನ ವಾಸನೆ, ಎದೆಯಲ್ಲಿ ಆ ಕೈಗುಣದ ಮಾತು. ಸರೋಜ ಕೈಯಲ್ಲಿದ್ದ ಬಾಟಲಿ ಬಿಟ್ಟು ಮೆಟ್ಟಿಲಿಳಿದು ಓಡಿದಳು. ಐದೇ ನಿಮಿಷಕ್ಕೆ ಏದುಸಿರು ಬಿಡುತ್ತ ಬಂದು ಒಂದು ಕಪ್ಪು ಹೋಳನ್ನು ನನ್ನ ಬಾಯಿಗಿಟ್ಟಳು. "ಚೀಪ್ತಾ ಇರಿ, ನುಂಗಬೇಡಿ." ತೊಳಸುವುದು ನಿಂತಿತು. ಅದೂ ನನಗೆ ಸಹಿಸಲಾಗಲಿಲ್ಲ.

ಮರುವಾರ ಅವಳ ಮಗಳು ಕವಿತಾ ಬಂದು, ಕಣ್ಣಿನ ಆಪರೇಷನ್‌ಗೆಂದು ಅವಳನ್ನು ಗ್ರೇಟರ್ ನೋಯ್ಡಾಕ್ಕೆ ಕರೆದೊಯ್ದಳು. ಹೊರಡುವ ಮೊದಲು ಸರೋಜ ಆ ಜಾಡಿಯನ್ನು ಸೆರಗಿನಲ್ಲಿ ಸುತ್ತಿ, ಕೂಸಿನ ಹಾಗೆ ಎತ್ತಿಕೊಂಡು ಎರಡು ಮಹಡಿ ಹತ್ತಿದಳು.

"ನಿಮ್ಮ ಬಾಲ್ಕನೀಲಿ ಬಿಸಿಲು ಚೆನ್ನಾಗಿ ಬರುತ್ತೆ. ದಿನಾ ಎರಡು ಗಂಟೆ ಇಡಿ ಸಾಕು. ಕವಿತಾ ಮನೇಗೆ ಒಯ್ದರೆ ಏನಿದು ಕಪ್ಪಗೆ ಅಂತ ಎಸೆದುಬಿಡ್ತಾಳೆ. ಅವರು ಹೆಚ್ಚಿದ್ದು ಇನ್ನು ಇಷ್ಟೇ ಇರೋದು ವತ್ಸಲಕ್ಕ."

"ಡೋಂಟ್ ವರಿ," ಎಂದೆ.

ಹತ್ತು ದಿನ ಬಿಸಿಲಿಗಿಟ್ಟೆ. ಫಂಕ್ಷನ್ನಿಗೆ ನಾಲ್ಕು ದಿನವಿರುವಾಗ, ಮೇಜಿನ ನಡುವೆ ಇಡಲೆಂದು ತಂದಿದ್ದ ದೊಡ್ಡ ಜಾಡಿ ಬಿಸಿನೀರು ಹೊಯ್ದದ್ದೇ ಚಟ್ ಎಂದು ಸೀಳಿತು. ಮಾರ್ಕೆಟ್ಟು ಆಟೋದಲ್ಲಿ ಹತ್ತು ನಿಮಿಷ. ಅಲ್ಲಿ ಇನ್ನೊಂದು ಸಿಗುತ್ತಿತ್ತು. ನಿಂಬೆಕಾಯಿಯನ್ನು ಬೇರೆ ಬಾಟಲಿಗೆ ಸುರಿದಿಡಲೂ ಬಹುದಿತ್ತು, ಮನೆಯಲ್ಲಿ ತೊಳೆದ ಬಾಟಲಿಗಳೇ ನಲವತ್ತಿದ್ದವು. ಇದನ್ನೆಲ್ಲ ಬರೆಯುತ್ತಿರುವುದು, ಪಾಪ ಅವಳಿಗೆ ಬೇರೆ ದಾರಿಯಿರಲಿಲ್ಲ ಎಂದು ಓದಿದವರು ನನ್ನ ಪರ ವಹಿಸಬಾರದೆಂದು.

ಜಾಡಿಯ ಮುಚ್ಚಳ ತೆಗೆದೆ. ಒಂದು ಹೋಳನ್ನು ಬಾಯಿಗಿಟ್ಟೆ. ಉಪ್ಪು, ಹುಳಿ, ಕಹಿ, ಕಡೆಗೆ ಎಲ್ಲಿಂದಲೋ ಸಣ್ಣ ಸಿಹಿ. ಪರ್ಫೆಕ್ಟ್. ಕೆಲಸದ ಸುನೀತಾಳನ್ನು ಕರೆದೆ. ಒಂಬತ್ತು ವರ್ಷದಿಂದ ನಮ್ಮ ಮನೆಗೂ ಸರೋಜಳ ಮನೆಗೂ ಬರುತ್ತಿದ್ದವಳು.

"ಇಸೇ ಫೇಂಕ್ ದೋ," ಎಸೆದುಬಿಡು ಎಂದೆ.

ಅವಳು ಮೂಸಿ ನೋಡಿದಳು. "ಆಂಟೀಜೀ, ಖರಾಬ್ ತೋ ನಹೀಂ ಹೈ. ಮೈ ಲೇ ಜಾವೂಂ?"

ಕೆಟ್ಟಿಲ್ಲವಲ್ಲ, ನಾನು ಒಯ್ಯಲೇ? ಆ ಹೆಣ್ಣು ಕೇಳಿದ್ದು ಅಷ್ಟೇ. ಒಯ್ಯಿ ಎಂದೆ. ಯಾರಿಗೂ ಹೇಳಬೇಡ ಎಂದೂ ಸೇರಿಸಿದೆ.

ಫಂಕ್ಷನ್ನಿನ ಸಂಜೆ ಕಮ್ಯೂನಿಟಿ ಹಾಲಿನ ದೀಪಗಳನ್ನೆಲ್ಲ ಆರಿಸಿ ನನ್ನ ನಲವತ್ತು ಬಾಟಲಿಗಳನ್ನು ಹಚ್ಚಿದಾಗ ಎಲ್ಲರೂ "ಆಹಾ" ಎಂದರು. ನಡುವೆ ಸರೋಜಳ ಜಾಡಿ, ಗೋಡೆಗೆಲ್ಲ ಚುಕ್ಕಿ ಚೆಲ್ಲುತ್ತ. ಅವಳು ಬರಲಾರಳು ಎಂದುಕೊಂಡಿದ್ದೆ. ಬಂದಳು. ಕಪ್ಪು ಕನ್ನಡಕ ಹಾಕಿಕೊಂಡು, ಕವಿತಾಳ ತೋಳು ಹಿಡಿದು, ಗ್ರೇಟರ್ ನೋಯ್ಡಾದಿಂದ ಎರಡು ಗಂಟೆ ಕಾರಿನಲ್ಲಿ ಕೂತು.

"ನಮ್ಮ ವತ್ಸಲಕ್ಕನ ಶೋ ಅಲ್ವಾ, ತಪ್ಪಿಸ್ಕೋತೀನಾ?" ಎನ್ನುತ್ತ ಮೇಜಿನ ಹತ್ತಿರ ಬಂದಳು. ದೀಪಗಳು ಅವಳಿಗೆ ಉಂಗುರ ಉಂಗುರವಾಗಿ ಕಾಣುತ್ತಿದ್ದವಂತೆ. ನಗುತ್ತಿದ್ದಳು. ನಗು ಹಾಗೇ ನಿಂತಿತು. ಮೂಗು ಒಮ್ಮೆ ಅರಳಿತು. ಕೈ ಚಾಚಿ ಬಿಸಿ ಗಾಜನ್ನು ಮುಟ್ಟಿ, ಅಂಚಿನ ಸುತ್ತ ಬೆರಳಾಡಿಸಿದಳು.

"ಇದು... ನಮ್ಮ ಜಾಡಿ ಅಲ್ವಾ?"

ಸುತ್ತ ಏಳೆಂಟು ಜನ ಹೆಂಗಸರು. ನನ್ನ ಬಾಯಿಗೆ ಮೊದಲು ಇಂಗ್ಲಿಷೇ ಬಂತು. "ಐ ವಾಸ್ ಗೋಯಿಂಗ್ ಟು ಟೆಲ್ ಯೂ, ಡಿಯರ್." ಆಮೇಲೆ ಕನ್ನಡ. "ಬೂಷ್ಟು ಹಿಡಿದುಬಿಟ್ಟಿತ್ತು ಸರೋಜ. ಮೇಲೆಲ್ಲ ಬೆಳ್ಳಗೆ. ಎಸೀಲೇಬೇಕಾಯ್ತು. ಜಾಡಿಯಾದ್ರೂ ಚೆಂದಾಗಿ ಉಳೀಲಿ ಅಂತ..."

ಯಾರೋ ಹಿರಿಯಾಕೆ ಲೊಚಗುಟ್ಟಿದಳು. "ಅಷ್ಟು ವರ್ಷದ್ದು ಸುಮ್ಮಸುಮ್ನೆ ಕೆಡಲ್ಲಪ್ಪ. ಯಾರೋ ಒದ್ದೆ ಕೈ ಹಾಕಿರ್ಬೇಕು."

ಸರೋಜ ತನ್ನ ಬಲಗೈಯನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿಕೊಂಡಳು.

"ನಾನೇ," ಎಂದಳು. "ಅವತ್ತು ನಿಮಗೆ ಹೊಟ್ಟೆ ತೊಳಸುತ್ತೆ ಅಂತ ಓಡಿದ್ನಲ್ಲ. ಬಾಟ್ಲಿ ತೊಳೀತಾ ಇದ್ದೆ. ಕೈ ಒರೆಸ್ಕೊಂಡೆ ಅಂದ್ಕೊಂಡೆ, ಒರೆಸ್ಕೊಂಡಿಲ್ಲ ಅನ್ಸುತ್ತೆ."

ಒಂದು ಕ್ಷಣ ಇತ್ತು. ನನಗೆ ಅದರ ಉದ್ದ ಅಗಲ ಎಲ್ಲ ನೆನಪಿದೆ. ಆ ಕ್ಷಣದಲ್ಲಿ ನಾನು ಹೇಳಿದ್ದು ಇಷ್ಟು: "ಇರಬಹುದು. ಆದ್ರೂ ಡೋಂಟ್ ಬ್ಲೇಮ್ ಯುವರ್‌ಸೆಲ್ಫ್."

ಅವಳ ಮುಖ ಕುಗ್ಗಿತು. ಕವಿತಾ ಗಾಬರಿಯಾಗಿ ಅವಳ ಗಲ್ಲ ಹಿಡಿದಳು. "ಮಮ್ಮೀ, ರೋನಾ ಮತ್! ಡಾಕ್ಟರ್ ಏನು ಹೇಳಿದ್ರು? ಅಳಬಾರದು, ಕಣ್ಣಿಗೆ ನೀರು ತಾಗಬಾರದು, ಪ್ಲೀಸ್!" ಸರೋಜ ತಲೆ ಮೇಲಕ್ಕೆತ್ತಿ, ಕನ್ನಡಕದ ಹಿಂದೆ ಕಣ್ಣು ತೆರೆದುಕೊಂಡೇ, ಬಾಯಿಯಿಂದ ಉಸಿರು ಬಿಡುತ್ತ ನಿಂತಳು. ಅಳುವುದಕ್ಕೂ ಅವಳಿಗೆ ಪರ್ಮಿಷನ್ ಇರಲಿಲ್ಲ. ಸುಧಾರಿಸಿಕೊಂಡು, "ದೀಪ ಚೆನ್ನಾಗಿದೆ ವತ್ಸಲಕ್ಕ. ನೀವೇ ಇಟ್ಕೊಳ್ಳಿ," ಎಂದಳು.

ಉಳಿದದ್ದು ಸುನೀತಾ. ಸರೋಜ ತನ್ನ ಫ್ಲಾಟಿಗೆ ಮರಳಿದರೆ ಸುನೀತಾ ಅವಳ ಅಡುಗೆಮನೆಯಲ್ಲಿ ದಿನಾ ಅರ್ಧ ಗಂಟೆ ಇರುತ್ತಾಳೆ, ಮಾತು ಬಂದೇ ಬರುತ್ತದೆ. ನಾನು ಮೊದಲು ಅವಳನ್ನು ನಮ್ಮ ಮನೆಯಿಂದ ಬಿಡಿಸಿದೆ. ಆಮೇಲೆ ಸರೋಜಳಿಗೆ ಫೋನ್ ಮಾಡಿ, "ನನ್ನ ಬೆಳ್ಳಿ ಕುಂಕುಮದ ಭರಣಿ ಕಾಣ್ತಿಲ್ಲ. ಆ ಸುನೀತಾ ಮೇಲೇ ನನಗೆ ಡೌಟು. ನೀನೂ ಹುಷಾರು," ಎಂದೆ. ಸರೋಜ ನಂಬಿದಳು, ತಾನೂ ಅವಳನ್ನು ಬಿಡಿಸಿದಳು. ನಾನು ಹೇಳಿದ್ದೆಲ್ಲವನ್ನೂ ಅವಳು ಸದಾ ನಂಬುತ್ತಿದ್ದಳು. ಕಾನ್ವೆಂಟಿನವಳಲ್ಲವೇ. ಭರಣಿ ಆಗಲೂ ನನ್ನ ಬೀರುವಿನಲ್ಲಿತ್ತು, ಈಗಲೂ ಇದೆ.

ಸುನೀತಾ ಗೇಟಿನ ಹತ್ತಿರ ಎರಡು ದಿನ ನಿಂತಿದ್ದಳು, ನನ್ನ ಹತ್ತಿರ ಮಾತಾಡಬೇಕೆಂದು. ನಾನು ಎರಡು ದಿನ ಕೆಳಗಿಳಿಯಲಿಲ್ಲ.

ಆ ಚಳಿಗಾಲ ನಿಂಬೆಹಣ್ಣು ತಳ್ಳುಗಾಡಿಯಲ್ಲಿ ರಾಶಿ ರಾಶಿ ಬಂತು. ಸರೋಜ ಒಂದನ್ನೂ ಕೊಳ್ಳಲಿಲ್ಲ. ನೆಲ್ಲಿಕಾಯಿ ಬಂತು, ಹೋಯಿತು. ಗ್ರೂಪಿನವರು ಕೇಳಿದರೆ, "ಕೈಗುಣ ಹೋಯ್ತಮ್ಮ. ಅವರು ಹೆಚ್ಚಿದ್ದನ್ನೇ ಕೆಡಿಸಿದ ಕೈ ಇದು," ಎನ್ನುತ್ತಿದ್ದಳು, ಹವಾಮಾನ ಹೇಳುವ ಹಾಗೆ. ಸಂಕ್ರಾಂತಿಯ ಮಾರನೆಯ ದಿನ ಎರಡು ಚೀಲ ಹೊತ್ತು ಮೇಲೆ ಬಂದಳು. ಒಳಗೆ ನನ್ನ ಬಾಟಲಿಗಳು, ಹದಿನಾಲ್ಕು. ಮೂವತ್ತು ವರ್ಷದಲ್ಲಿ ಅವಳ ಮನೆಯಲ್ಲಿ ಉಳಿದಿದ್ದವು.

"ಇನ್ನು ನನ್ನ ಕೈಯಿಂದ ಏನೂ ಬರಲ್ಲ. ಇವು ನನ್ನ ಹತ್ರ ಯಾಕೆ? ನಿಮಗಾದ್ರೆ ದೀಪಕ್ಕಾಗುತ್ತೆ."

ಹದಿನಾಲ್ಕರಲ್ಲೂ ಒಂದೊಂದು ಮುಷ್ಟಿ ಸಕ್ಕರೆ ಹಾಕಿದ್ದಳು.

ಬೇಸಿಗೆಯಲ್ಲಿ ವಾರದ ಸಂತೆಯಲ್ಲಿ ಸುನೀತಾ ಎದುರಾದಳು. ಮೂರು ತಿಂಗಳು ಕೆಲಸವಿಲ್ಲದೆ ಕೂತಿದ್ದಳಂತೆ. ಕಳ್ಳಿಯೆಂಬ ಮಾತು ಬ್ಲಾಕಿನಿಂದ ಬ್ಲಾಕಿಗೆ ಅವಳಿಗಿಂತ ಮುಂಚೆ ಹೋಗುತ್ತಿತ್ತಂತೆ. ಕೂಗಾಡಬಹುದೆಂದು ನಾನು ಚೀಲ ಬಿಗಿಹಿಡಿದೆ.

"ವೋ ಅಚಾರ್ ಬಹುತ್ ಅಚ್ಛಾ ಥಾ, ಆಂಟೀಜೀ," ಎಂದಳು. ಆ ಉಪ್ಪಿನಕಾಯಿ ತುಂಬ ಚೆನ್ನಾಗಿತ್ತು, ಅತ್ತೆಯ ಹೊಟ್ಟೆನೋವಿಗೆಂದು ಸ್ವಲ್ಪ ಇನ್ನೂ ಉಳಿಸಿಟ್ಟಿದ್ದೇನೆ ಎಂದಳು.

ಉಳಿದದ್ದನ್ನು ಕೊಡುತ್ತೀಯಾ ಎಂದು ಕೇಳಿದೆ. ಮುಂದಿನ ವಾರ ಅದೇ ಜಾಗಕ್ಕೆ ಒಂದು ಸಣ್ಣ ಡಬ್ಬಿ ತಂದಳು. ಬದಲಿಗೆ ಏನನ್ನೂ ಮುಟ್ಟಲಿಲ್ಲ.

"ಬಸ್, ಸರೋಜಾ ಆಂಟೀ ಕೋ ಬತಾ ದೇನಾ. ಮೈನೇ ಚೋರಿ ನಹೀಂ ಕೀ." ನಾನು ಕದ್ದಿಲ್ಲ ಎಂದು ಸರೋಜಾ ಆಂಟಿಗೆ ಹೇಳಿಬಿಡಿ, ಅಷ್ಟು ಸಾಕು.

"ಹಾಂ," ಎಂದೆ. "ಬತಾ ದೂಂಗೀ." ಹೇಳುತ್ತೇನೆ.

ಆ ಸಂಜೆಯೇ ಹೊರಟೆ. ನಾಲ್ಕು ಹೋಳನ್ನು ಒಂದು ಜೇನಿನ ಬಾಟಲಿಗೆ ಹಾಕಿಕೊಂಡು, ಎಲ್ಲವನ್ನೂ ಹೇಳಿಬಿಡಬೇಕೆಂದು ಮೆಟ್ಟಿಲಿಳಿಯುತ್ತ ಮಾತುಗಳನ್ನು ಜೋಡಿಸಿಕೊಂಡೆ. ಸರೋಜ ಬಾಗಿಲು ತೆರೆದಳು. ಬಾಟಲಿ ಕಂಡದ್ದೇ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಉಪ್ಪಿನಕಾಯಾ? ನಾನು ಮುಟ್ಟಲ್ಲ ವತ್ಸಲಕ್ಕ. ನೀವೇ ಅಲ್ಲಿ ಇಡಿ." ಹತ್ತಿರ ಬಾಗಿ ನೋಡಿದಳು. "ಇಷ್ಟು ಕಪ್ಪಗೆ! ನೀವು ಹಾಕಿದ್ದಾ?"

ಜೋಡಿಸಿಕೊಂಡ ಮಾತುಗಳು ನಾಲಿಗೆಯ ಮೇಲೇ ಇದ್ದವು.

"ಹೂಂ," ಎಂದೆ. "ನಿನ್ನ ನೋಡಿ ಒಂದ್ಸಲ ಹಾಕಿದ್ದೆ. ಅಟ್ಟದ ಮೇಲೆ ಮರೆತೇಬಿಟ್ಟಿದ್ದೆ."

ನಾನೇ ಚಮಚದಲ್ಲಿ ಒಂದು ಹೋಳು ತೆಗೆದು ಅವಳ ಬಾಯಿಗಿಟ್ಟೆ. ಅವಳು ಚೀಪಿದಳು. ತುಂಬ ಹೊತ್ತು ಚೀಪಿದಳು. ಆಪರೇಷನ್ ಹಳೆಯದಾಗಿತ್ತು, ಈಗ ಅಳಬಹುದಿತ್ತು, ಅತ್ತಳು.

"ಅವರು ಹೆಚ್ಚಿದ ಹಾಗೇ ಇದೆ. ಬೀಜ ತೆಗೀದೆ, ಒಂದಕ್ಕೆ ಎಂಟು." ಕಣ್ಣೊರೆಸಿಕೊಂಡು ನನ್ನ ಬಲಗೈಯನ್ನು ಹಿಡಿದು ತನ್ನ ಕಣ್ಣಿಗೊತ್ತಿಕೊಂಡಳು. "ನನ್ನ ಕೈಗುಣ ಎಲ್ಲಿ ಹೋಯ್ತು ಅಂತಿದ್ದೆ. ನಿಮ್ಮ ಕೈಗೆ ಬಂದಿದೆ ನೋಡಿ. ಹೋಗ್ಲಿ ಬಿಡಿ, ಹೊರಗಿನವರಿಗೇನೂ ಹೋಗಿಲ್ಲ."

ಯಾರಾದರೂ ಹೊಗಳಿದರೆ ಥ್ಯಾಂಕ್ ಯೂ ಎನ್ನಬೇಕು, ಅದರ ಮೇಲೆ ಒಂದು ಮಾತೂ ಆಡಬಾರದು ಎಂದು ಸಿಸ್ಟರ್ ಆಗ್ನೆಸ್ ಕಲಿಸಿದ್ದರು.

"ಥ್ಯಾಂಕ್ ಯೂ," ಎಂದೆ.

ಸುನೀತಾಳ ಮಾತನ್ನು ಹೇಳಲಿಲ್ಲ. ಆಮೇಲೂ ಹೇಳಿಲ್ಲ. ಈಗ ನಾನು ಆ ಸಂತೆಗೆ ಹೋಗುವುದಿಲ್ಲ, ತರಕಾರಿಯನ್ನು ಮೊಬೈಲಿನಲ್ಲಿ ತರಿಸುತ್ತೇನೆ. ಹಬ್ಬಕ್ಕೊಂದರಂತೆ ಒಂದು ಹೋಳನ್ನು ಸರೋಜಳಿಗೆ ಒಯ್ದು ಕೊಡುತ್ತೇನೆ. ಬಾಟಲಿ ಮರುದಿನ ಸಕ್ಕರೆಯೊಂದಿಗೆ ಹಿಂದಿರುಗುತ್ತದೆ. "ಈ ಸಲ ಚಳಿಗಾಲಕ್ಕೆ ಹೊಸದು ಹಾಕಿ ವತ್ಸಲಕ್ಕ, ನಿಮ್ಮ ಕೈಯದ್ದು ಕೆಡಲ್ಲ," ಎನ್ನುತ್ತಾಳೆ. ಹೋದ ಚಳಿಗಾಲ ಹಾಕಿದೆ. ತಿಂಗಳೊಳಗೆ ಬೂಷ್ಟು ಹಿಡಿಯಿತು, ಮೇಲೆಲ್ಲ ಬೆಳ್ಳಗೆ. ಯಾರಿಗೂ ಕಾಣದ ಹಾಗೆ ಎಸೆದೆ.

ಮೊನ್ನೆ ಕತ್ತಲಲ್ಲಿ ಜಾಡಿಯ ವಾಸನೆ ಮನೆ ತುಂಬುತ್ತಿದ್ದಾಗ ಕೆಳಗಿನಿಂದ ಅವಳ ದನಿ ಬಂತು. "ವತ್ಸಲಕ್ಕ! ನಿಮ್ಮಲ್ಲೂ ಕರೆಂಟ್ ಇಲ್ವಾ? ಅದೇನು ಬೆಳಕು, ಚೆಂದ ಕಾಣ್ತಿದೆ! ಬರ್ಲಾ ಮೇಲೆ?"

ಆ ವಾಸನೆ ಅವಳ ಮೂಗಿಗೆ ತಾಗುವ ಮೊದಲೇ ದೀಪವನ್ನು ಊದಿ ಆರಿಸಿದೆ. ಬಾಲ್ಕನಿಯ ಬಾಗಿಲು ಮುಚ್ಚಿದೆ. "ಬೇಡ ಸರೋಜ, ಮೆಟ್ಟಿಲು ಕತ್ತಲು," ಎಂದು ಒಳಗಿನಿಂದಲೇ ಕೂಗಿದೆ.

ನಾಳೆ ನರಕ ಚತುರ್ದಶಿ. ಫ್ರಿಜ್ಜಿನ ಹಿಂಬದಿಯ ಡಬ್ಬಿಯಲ್ಲಿ ಏಳು ಹೋಳುಗಳಿವೆ. ಅವಳಿಗೆಂದು ಒಂದನ್ನು ತೆಗೆದಿಟ್ಟಿದ್ದೇನೆ, ಒಣಗಿದ ಚಮಚದಲ್ಲಿ, ಕೈ ತಾಗಿಸದೆ.